ನಾಲ್ಕು ನಿಮಿಷದ ದಾರಿ

ಮೊಳಕಾಲ್ಮೂರಿನಲ್ಲಿ ಅಕ್ಕ ಪಾಲಮ್ಮ ತೀರಿಕೊಂಡಳೆಂಬ ಸುದ್ದಿ ಬಂದಾಗ ಯರ್ರಪ್ಪ ಉಳ್ಳಾರ್ತಿ ಕಾವಲಿನ ಅಂಚಿನಲ್ಲಿ ಕುರಿ ಮೇಯಿಸುತ್ತಿದ್ದ. ತವರಿನ ಸೀರೆ ಹೊದಿಸದೆ ಹೆಣ್ಣುಮಗಳ ಹೆಣ ಎತ್ತುವಂತಿಲ್ಲ. ಪಾಲಮ್ಮನಿಗೆ ತವರು ಅಂತ ಉಳಿದಿದ್ದವನು ಇವನೊಬ್ಬನೇ. ಅವಳು ಕರೆದಾಗಲೆಲ್ಲ, ದೂರ ಆಗುತ್ತಕ್ಕ, ಕುರಿ ಬಿಟ್ಟು ಹೆಂಗೆ ಬರಲಿ ಅಂದು ತಪ್ಪಿಸಿಕೊಂಡವನು ಈಗ ಎದ್ದೆನೋ ಬಿದ್ದೆನೋ ಎಂದು ಚಳ್ಳಕೆರೆಗೆ ಓಡಿ ಬಂದ.

ಓಂಕಾರಮೂರ್ತಿಯ ಬಟ್ಟೆ ಅಂಗಡಿಯಲ್ಲಿ ಸೀರೆ ಕಟ್ಟಿಸುತ್ತಿರುವಾಗಲೇ ಅಕ್ಕನ ಮಗ ಉಗ್ರಪ್ಪನ ಫೋನು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು, ಮಾವ, ನೀನು ಎಷ್ಟೊತ್ತಿಗೆ ಬರ್ತೀಯ? ಯರ್ರಪ್ಪನಿಗೆ ತಲೆಯೇ ಓಡಲಿಲ್ಲ, ಸಾಹುಕಾರನನ್ನು ಕೇಳಿದ. ಓಂಕಾರಮೂರ್ತಿಯೋ, ಹಸಿವಾದರೂ ಮೊಬೈಲು ನೋಡಿ ಹೇಳುವ ಆಸಾಮಿ. ಕನ್ನಡಕ ಏರಿಸಿ, ನಲವತ್ತಾರು ಕಿಲೋಮೀಟರು, ವಿಮಾನದಲ್ಲಿ ನಾಲ್ಕು ನಿಮಿಷ ಎಂದು ಓದಿದ.

ಬೇರೆಯವರಾಗಿದ್ದರೆ ನಗುತ್ತಿದ್ದರು. ಆದರೆ ಕಾವಲಿನ ಮೇಲೆ ಮಿಲಿಟರಿಯವರು ಪರೀಕ್ಷೆಗೆ ಹಾರಿಸುವ ಆಳಿಲ್ಲದ ವಿಮಾನಗಳು ಗುಂಯ್‌ಗುಡುವುದನ್ನು ಯರ್ರಪ್ಪ ದಿನಾ ನೋಡುವವನು. ಈಗ ಜನರನ್ನೂ ಹತ್ತಿಸಿಕೊಳ್ಳುತ್ತಿದ್ದರೆ ಕುರಿ ಕಾಯುವವನಿಗೆ ಬಂದು ಹೇಳುವವರು ಯಾರು? “ನಾಲ್ಕು ನಿಮಿಷಂತೆ ಕಣಪ್ಪ,” ಎಂದು ಫೋನಿಗೆ ಹೇಳಿಯೇಬಿಟ್ಟ.

ಬಸ್‌ಸ್ಟ್ಯಾಂಡಿನಲ್ಲಿ ವಿಮಾನ ಎಲ್ಲಿ ನಿಲ್ಲುತ್ತದೆ ಎಂದು ಕೇಳಿದ. ಕಂಡಕ್ಟರು ಅವನ ಮುಖ ನೋಡಿ, ತೋಳು ಹಿಡಿದು ಮೊಳಕಾಲ್ಮೂರು ಬಸ್ಸಿಗೆ ಹತ್ತಿಸಿದ. ಪಕ್ಕದಲ್ಲಿ ಕೂತಿದ್ದ ರಶ್ಮಿತಾ ಎಂಬ ಕಾಲೇಜು ಹುಡುಗಿ ಅವನ ನಾಲ್ಕು ನಿಮಿಷದ ಕತೆ ಕೇಳಿ ಬಿಡಿಸಿ ಹೇಳಿದಳು: ವಿಮಾನ ಇದ್ದಿದ್ದರೆ ಅಷ್ಟೊತ್ತು ಆಗುತ್ತಿತ್ತು ಎಂಬ ಲೆಕ್ಕ ಅದು. ವಿಮಾನ ಇಲ್ಲ.

“ಇಲ್ಲದ ವಿಮಾನಕ್ಕೆ ಲೆಕ್ಕ ಯಾಕೆ ಕಟ್ತಾರವ್ವ?” ಎಂದ ಯರ್ರಪ್ಪ.

ತಳಕು ದಾಟುವಾಗ ಮತ್ತೆ ಫೋನು. ಮಾವ ಊರ ಬಾಗಿಲಿಗೇ ಬಂದಿದ್ದಾನೆಂದುಕೊಂಡು ಅವರು ಹೆಣಕ್ಕೆ ನೀರು ಹಾಕಿ, ಚಟ್ಟದ ಮೇಲೆ ಮಲಗಿಸಿ, ಉರುಮೆ ಬಾರಿಸಲು ಶುರುಮಾಡಿದ್ದರು. ಈಗ ಹಿರಿಯರು ಸಿಡಿಮಿಡಿಗೊಂಡು, ಇಲ್ಲಿಯದೇ ಒಂದು ಸೀರೆ ಹೊದಿಸಿ ಎತ್ತೋಣ ಅನ್ನುತ್ತಿದ್ದಾರೆ. “ನಿಮ್ಮವ್ವಗೆ ತವರಿಲ್ವಾ ಅಂತ ಕೇಳ್ತಾವ್ರೆ ಮಾವ,” ಎಂದ ಉಗ್ರಪ್ಪ. ಬಿ.ಜಿ. ಕೆರೆಯಲ್ಲಿ ಬಸ್ಸು ನಿಂತಾಗ ಇಳಿದು ಓಡಿದರೆ ಬೇಗ ಹೋಗಬಹುದೇನೋ ಎಂದು ಯರ್ರಪ್ಪನಿಗೆ ಅನಿಸಿತು. ನಾಲ್ಕು ನಿಮಿಷ ನಿಜವೋ, ಈ ಮುಗಿಯದ ರಸ್ತೆ ನಿಜವೋ, ಅವನಿಗೆ ಒಂದೂ ತಿಳಿಯಲಿಲ್ಲ.

ಅವನು ಮನೆ ಮುಟ್ಟಿದಾಗ ಹೊತ್ತು ಮುಳುಗಿತ್ತು. ಚಟ್ಟ ಇನ್ನೂ ಅಂಗಳದಲ್ಲೇ ಇತ್ತು. ಉಗ್ರಪ್ಪ ಯಾರ ಮಾತಿಗೂ ಬಗ್ಗದೆ ಅದರ ಪಕ್ಕ ಕೂತಿದ್ದ. ಬೈಯಲು ಬಾಯಿ ತೆರೆದವರು ಈ ಮುದುಕನ ಅವತಾರ ಕಂಡು ಸರಿದು ದಾರಿ ಬಿಟ್ಟರು.

ಯರ್ರಪ್ಪ ಸೀರೆ ಬಿಡಿಸಿ ಅಕ್ಕನ ಕಾಲಿನಿಂದ ಎದೆಯವರೆಗೆ ಹೊದಿಸಿದ. ಸೆರಗು ಸರಿಮಾಡಿದ.

“ದೂರ ಅಂದ್ಕೊಂಡೇ ಇದ್ದುಬಿಟ್ಟೆ ಅಕ್ಕ,” ಎಂದ. “ನಾಲ್ಕೇ ನಿಮಿಷದ ದಾರಿಯಂತೆ.”