ಕಡಾಣಿ ಕೊಡದ ಕಾಂತಾಬಾಯಿ

“ತಲಿ ನಂದೇ ಅದ ಅಕ್ಕಾ, ಆದ್ರ ಈ ರುಮಾಲ ಯಾರದೋ ಏನೋ! ಸುತ್ತೇನಂದ್ರ ಸುತ್ತಗೊಡವಲ್ದು.”

ಹೀಗೆಂದ ಮಾಣಿಕ ಹತ್ತು ಮೊಳದ ರುಮಾಲಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಇನ್ನೊಂದು ತುದಿಯನ್ನು ಹುಡುಕುತ್ತ ತನ್ನ ಸುತ್ತ ತಾನೇ ತಿರುಗುತ್ತಿದ್ದ. ಆ ತುದಿ ಅವನ ಕಾಲ ಕೆಳಗೇ ಇತ್ತು.

“ಅದರ ಮ್ಯಾಲೇ ನಿಂತೀಯಲ್ಲೋ, ಕಾಲ ತೆಗಿ,” ಎಂದ ಅಬ್ದುಲ ಮಜೀದ. ಬೇವಿನ ಮರದ ಕೆಳಗೆ ಎತ್ತೊಂದನ್ನು ಮಲಗಿಸಿ ಲಾಳ ಬಡಿಯುತ್ತಿದ್ದವನು, ಬಾಯಲ್ಲಿದ್ದ ಮೊಳೆಯನ್ನು ತೆಗೆದು ದುಕಾನದ ಕಡೆ ತಿರುಗಿ ಕೂಗಿದ: “ಕಾಂತಾ ಆಪಾ, ಮಾಣಿಕ ನಾಪಾಸ್! ಇನ್ನೊಂದ ತಾಸ ಕೂಡಸ್ರಿ.”

ಕಾಂತಾಬಾಯಿ ಒಳಗಿಂದ ಒಂದು ಕುಡಿಕೆ ಮಜ್ಜಿಗೆ, ಅರ್ಧ ರೊಟ್ಟಿ ತಂದು ಮಾಣಿಕನ ಮುಂದಿಟ್ಟಳು. “ತಿನ್ನು. ತಿಂದು ಮಕ್ಕೋ. ಎದ್ದ ಮ್ಯಾಲ ಸುತ್ತೀಯಂತ.”

“ಮಜ್ಜಗಿ ಕುಡಿಲಾಕ ಸೇಂದಿ ದುಕಾನಕ್ಕ ಬರಬೇಕಾ ಅಕ್ಕಾ?”

“ಹೂಂ, ಬರಬೇಕು. ಮನ್ಯಾಗ ನಿಮ್ಮವ್ವ ಕೊಟ್ರ ಕುಡಿತೀಯೇನು ನೀ?”

ಕೂತವರೆಲ್ಲ ನಕ್ಕರು. ಮಾಣಿಕನೂ ನಕ್ಕು, ರುಮಾಲನ್ನು ದಿಂಬು ಮಾಡಿಕೊಂಡು ಉರುಳಿದ.

ಭಾಲ್ಕಿಯಿಂದ ಭಾತಂಬ್ರಾಕ್ಕೆ ಹೋಗುವ ದಾರಿಯಲ್ಲಿ, ಹಳ್ಳದ ಇಳಿಜಾರಿಗೆ ಸ್ವಲ್ಪ ಮುಂಚೆ ಈ ದುಕಾನ. ಗಂಡ ಮಚ್ಛೇಂದ್ರ ಹಿಂದಿನ ಈಚಲ ಬನದಲ್ಲಿ ಮರ ಹತ್ತಿ ಸೇಂದಿ ಇಳಿಸುತ್ತಿದ್ದ, ಹೆಂಡತಿ ಮಾರುತ್ತಿದ್ದಳು. ನಿಜಾಮ ಸರ್ಕಾರದ ಸೀಮೆಯಲ್ಲಿ ಇಂಥ ದುಕಾನ ಊರೂರಿಗೆ ಇದ್ದವು, ಆದರೆ ಕಾಂತಾಬಾಯಿಯ ದಸ್ತೂರು ಇನ್ನೆಲ್ಲೂ ಇರಲಿಲ್ಲ. ಗಾಡಿ ಹೊಡೆದುಕೊಂಡು ಬಂದವನು ಮೊದಲು ತನ್ನ ಗಾಡಿಯ ಕಡಾಣಿ ಕೊಡಬೇಕು. ಕಡಾಣಿಯೆಂದರೆ ಗಾಲಿ ಅಚ್ಚಿನಿಂದ ಜಾರದಂತೆ ಅಚ್ಚಿನ ತುದಿಗೆ ಸಿಗಿಸುವ ಕಬ್ಬಿಣದ ಕೀಲು. ಮಜೀದ ಅದನ್ನು ಕಿತ್ತು ತರುತ್ತಾನೆ, ಕಾಂತಾಬಾಯಿ ಅದನ್ನು ಗೂಟಕ್ಕೆ ನೇತು ಹಾಕುತ್ತಾಳೆ. ಮೂರು ಕುಡಿಕೆ ಸೇಂದಿ, ಆಮೇಲೆ ಏನಿದ್ದರೂ ಮಜ್ಜಿಗೆ. ಹೋಗುವಾಗ ಗಾಡಿಯವನು ತನ್ನ ರುಮಾಲನ್ನು ಪೂರಾ ಬಿಚ್ಚಿ ಮತ್ತೆ ಸುತ್ತಿ, ನಾಲ್ಕು ದಿಕ್ಕಿಗೆ ತಲೆ ಕೊಡವಿ ತೋರಿಸಬೇಕು. ಸುತ್ತು ಸಡಿಲಾಗದಿದ್ದರೆ ಕಡಾಣಿ ಕೈಗೆ, ಸಡಿಲಾದರೆ ಅವನು ಬೇವಿನ ನೆರಳಿಗೆ. ಅಮಲೇರಿದವನು ಸುತ್ತುಗಳನ್ನು ಹೇಗೋ ಸುತ್ತಿಯಾನು, ಕೊನೆಯ ಸೆರಗನ್ನು ಹಿಂದೆ ಎಲ್ಲಿ ಸಿಗಿಸಬೇಕೆಂಬುದು ಮಾತ್ರ ಅವನ ಬೆರಳಿಗೆ ನೆನಪಾಗುವುದಿಲ್ಲ. ಇದು ಕಾಂತಾಬಾಯಿ ವರ್ಷಗಟ್ಟಲೆ ನೋಡಿ ಕಲಿತ ವಿದ್ಯೆ.

ಇದಕ್ಕೆಲ್ಲ ಕಾರಣ ಇದೇ ಮಾಣಿಕ. ಆರು ವರ್ಷದ ಹಿಂದೆ ಭಾಲ್ಕಿಯ ಸಂತೆಯಿಂದ ಬರುತ್ತ, ತಾಯಿಯನ್ನು ಗಾಡಿಯಲ್ಲೇ ಕೂರಿಸಿ, ಇಲ್ಲಿ ಇಳಿದು ಕಂಠಮಟ ಕುಡಿದಿದ್ದ. ಇಳಿಜಾರಿನಲ್ಲಿ ಎತ್ತು ಓಡಿಸಿ ಗಾಡಿ ಮಗುಚಿದ. ತಾಯಿ ರುಕ್ಮಿಣಿಬಾಯಿಯ ಕೈ ಮುರಿಯಿತು. ವಾರದ ಮೇಲೆ ಆ ಮುದುಕಿ ಬಿದಿರು ದಬ್ಬೆ ಕಟ್ಟಿದ ಕೈ ಹಿಡಿದುಕೊಂಡು ದುಕಾನಕ್ಕೆ ನಡೆದು ಬಂದಳು. ಮಗನನ್ನು ಬೈಯಲು ಬಂದಿದ್ದಾಳೆಂದು ಕಾಂತಾಬಾಯಿ ಅಂದುಕೊಂಡರೆ, ಅವಳು ಕೇಳಿದ್ದು ಒಂದೇ ಮಾತು: “ಕುಡದವಗ ಬುದ್ಧಿ ಇದ್ದಿಲ್ಲ, ಖರೆ. ಕುಡಿಸಿದಾಕಿಗೆ ಇತ್ತಲ್ಲವಾ? ನೀ ಹ್ಯಾಂಗ ಬಿಟ್ಟಿ?” ಮರುದಿನದಿಂದ ಕಡಾಣಿಗಳು ಗೂಟಕ್ಕೆ ಬಂದವು.

ಮಾಣಿಕ ಗೊರಕೆ ಹಚ್ಚಿದ ಮೇಲೆ, ದಾರಿಯಲ್ಲಿ ಗೆಜ್ಜೆಯ ಸದ್ದಾಯಿತು. ಬಿಳಿ ಎತ್ತಿನ ಜೋಡಿ, ಹೊಸ ಬಣ್ಣದ ಸವಾರಿ ಗಾಡಿ. ಹೊಡೆಯುತ್ತಿದ್ದವರು ಜರಿ ರುಮಾಲಿನ ಗೃಹಸ್ಥರು, ಹಿಂದೆ ಹಸಿರು ಸೀರೆಯ ಬಾಯಿಯೊಬ್ಬರು. ಗೃಹಸ್ಥರು ಇಳಿದು ನೇರ ದುಕಾನದೊಳಗೆ ಹೋದರು, ಬಾಯಿ ಬೇವಿನ ನೆರಳಿಗೆ ಬಂದರು.

“ಕಾಂತಾಬಾಯಿ ಅಂದ್ರ ನೀನೇ ಏನು? ನಾ ವಿಠ್ಠಲರಾವ. ಬೀದರಿಂದ.”

ಕಾಂತಾಬಾಯಿಯ ಕೈಯಲ್ಲಿದ್ದ ಸೌಟು ನಿಂತಿತು. ವಿಠ್ಠಲರಾವ ಎಂದರೆ ಸೇಂದಿಯ ಗುತ್ತೇದಾರರು. ಈ ಸೀಮೆಯ ದುಕಾನಗಳೆಲ್ಲ ಅವರ ಗುತ್ತಿಗೆಯಲ್ಲಿದ್ದವು. ಬೇಕೆಂದವರಿಗೆ ಕೊಡುವುದು, ಬೇಡವೆಂದವರನ್ನು ಎಬ್ಬಿಸುವುದು ಅವರ ಒಂದು ಮಾತು. ಇಷ್ಟು ದಿನ ಹೆಸರು ಕೇಳಿದ್ದಳು, ಮುಖ ನೋಡಿದ್ದು ಇವತ್ತೇ.

“ಬರ್ರಿ ಸಾವಕಾರ, ಕೂಡ್ರಿ.”

“ಕೂಡ್ತೇನಿ. ಭಾತಂಬ್ರಾಕ್ಕ ಹೊಂಟೇವಿ, ನಮ್ಮ ಮಾಂವನ ಮನ್ಯಾಗ ತೊಟ್ಟಲದ ಕಾರ್ಯ ಅದ. ಹಾದ್ಯಾಗ ನಿನ್ನ ದುಕಾನ ನೋಡಬೇಕಿತ್ತು.” ಹಲಗೆಯ ಮೇಲೆ ಕೂತು ಅವರು ಸುತ್ತ ಕಣ್ಣಾಡಿಸಿದರು. “ಮಾಲ ಹ್ಯಾಂಗದ ತಾ. ರುಚಿ ನೋಡ್ತೇನಿ.”

ಅವಳು ಕುಡಿಕೆ ತುಂಬಿಟ್ಟು ಹೊರಗೆ ಕಣ್ಣು ಹಾಯಿಸಿದಾಗ ಮಜೀದ ಬಾಗಿಲಲ್ಲಿ ನಿಂತಿದ್ದ. ಆರು ವರ್ಷದ ರೂಢಿ, ಗಾಡಿ ಯಾರದೆಂದು ಕೇಳದೆ ಅವನ ಕೈ ತನ್ನ ಕೆಲಸ ಮಾಡಿಬಿಟ್ಟಿತ್ತು. ಹಿತ್ತಾಳೆಯ ತಲೆಯಿದ್ದ ಹೊಸ ಕಡಾಣಿ ಅವನ ಅಂಗೈಯಲ್ಲಿ ಹೊಳೆಯುತ್ತಿತ್ತು.

“ಯಾರ ಗಾಡಿ ಅಂತ ಗೊತ್ತದ ಏನಣ್ಣಾ?” ಅವಳು ಪಿಸುಗುಟ್ಟಿದಳು.

“ಯಾರದು?”

ಅವಳು ಕಣ್ಣಿನಲ್ಲೇ ಒಳಗೆ ತೋರಿಸಿ ಹೆಸರು ಹೇಳಿದಳು. ಮಜೀದ “ಯಾ ಅಲ್ಲಾ!” ಎಂದು ಎರಡು ಹೆಜ್ಜೆ ಹಿಂದೆ ಸರಿದ. “ತಿರುಗಿ ಹಾಕಿ ಬಂದಬಿಡ್ತೇನಿ ಆಪಾ. ನೋಡಿಲ್ಲ ಅವರು.”

“ತಡಿ. ಒಂದೇ ಕುಡಿಕಿ ಆದ್ರ ಹಾಕಿಬಿಡು.”

ಒಂದೇ ಆಗಲಿಲ್ಲ. ಬೆಳಗಿನ ಸೇಂದಿ ಸಕ್ಕರೆ, ಇಳಿಹೊತ್ತಿನದು ಚಾಬೂಕಿನ ಏಟು. ಬಿಸಿಲು ಏರಿದಂತೆ ಅದೂ ಏರುತ್ತದೆ. ವಿಠ್ಠಲರಾವರಿಗೆ ಸೇಂದಿ ಕಾಗದದ ಮೇಲೆ ಗೊತ್ತಿತ್ತು, ಹೊಟ್ಟೆಯೊಳಗೆ ಅಷ್ಟಾಗಿ ಗೊತ್ತಿರಲಿಲ್ಲ. ಪುಠಾಣಿ ಕಾಳು ಮೆಲ್ಲುತ್ತ, ಕುಡಿಕೆಯ ಮೇಲೆ ಕುಡಿಕೆ ಇಳಿಸುತ್ತ ಅವರು ಮಾತಿಗೆ ಬಂದರು.

“ಉಳದ ದುಕಾನದಾಗ ಹೊತ್ತ ಮುಳಗೋದ್ರಾಗ ಮಡಕಿ ಖಾಲಿ ಆಗ್ತಾವ. ನಿನ್ನಲ್ಲಿ ದಿನಾ ಉಳೀತಾವಂತ. ಕೇಳಿದ್ರ, ಬಾಯಿ ಮಜ್ಜಗಿ ಕುಡಿಸ್ತಾಳ ಅಂತ ಹೇಳ್ತಾರ! ಇದು ದುಕಾನೋ, ಮಠದ ದಾಸೋಹವೋ? ಔರಾದ ಕಡಿಂದ ಒಬ್ಬಾಂವ ದುಕಾನ ಕೇಳ್ಲತ್ತಾನ. ಅವಗ ಕೊಟ್ಟಬಿಡ್ಲಿ ಏನು?”

ಆದರೂ ಮೂರನೆಯದು ಮುಗಿಯುತ್ತಲೇ ಕಾಂತಾಬಾಯಿಯ ಕೈ ತಾನಾಗಿ ಮಜ್ಜಿಗೆಯ ಗಡಿಗೆಗೆ ಹೋಯಿತು. ಅವರು ಅದನ್ನು ಸರಿಸಿ, ತಾವೇ ಎದ್ದು ಮಡಕೆಯಲ್ಲಿ ಸೌಟು ಅದ್ದಿದರು. ನಾಲ್ಕಾಯಿತು, ಐದಾಯಿತು. ಐದನೆಯದು ಅರ್ಧ ಮೀಸೆಗೆ ಹೋಯಿತು.

ಅವಳು ಹೊರಗೆ ಬಂದು, ಮಜೀದನ ಕೈಯಿಂದ ಕಡಾಣಿ ಇಸಿದುಕೊಂಡು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಳು.

“ಆಪಾ, ದುಕಾನ ಹೋಗ್ತದ,” ಎಂದ ಮಜೀದ.

“ಹೋಗ್ತದೇನೋ. ಆ ಬಾಯಿ ಅದೇ ಗಾಡ್ಯಾಗ ಹೋಗೋರು, ಅವರ ಕೈ ಮುರದ್ರ ನಾ ಏನ್ ಹೇಳ್ಲಿ?”

ವಿಠ್ಠಲರಾವರು ಹೊರಬಂದರು. ಬಾಗಿಲು ಅವರಿಗೆ ಕೊಂಚ ಇಕ್ಕಟ್ಟಾದಂತೆ ಕಂಡಿತು. “ಏಳು, ನಡಿ. ದೀಪ ಹಚ್ಚೋದ್ರಾಗ ಮುಟ್ಟಬೇಕು,” ಎಂದು ಹೆಂಡತಿಗೆ ಹೇಳಿ, ತಮ್ಮ ಗಾಡಿಯ ಬದಲು ಮಾಣಿಕನ ಗಾಡಿಯನ್ನು ಹತ್ತಲು ಹೋದರು.

“ಸಾವಕಾರ, ನಿಮ್ಮ ಗಾಡಿ ಆ ಕಡಿ ಅದ,” ಎಂದಳು ಕಾಂತಾಬಾಯಿ. “ಅದರ ಕಡಾಣಿ ನನ್ನ ಕಡಿ ಅದ. ಸಿಟ್ಟ ಆಗಬ್ಯಾಡ್ರಿ. ಇಲ್ಲಿ ದಸ್ತೂರ ಅದ. ರುಮಾಲ ಬಿಚ್ಚಿ ಸುತ್ತಿ ತೋರಸ್ರಿ, ಕೊಡ್ತೇನಿ.”

“ನನಗಾ? ನಾ ಗುತ್ತೇದಾರ! ನಿನಗ ದುಕಾನ ಕೊಟ್ಟಾಂವ ನಾ!”

“ಹೌದ್ರಿ. ಅದಕ್ಕೇ ನಿಮ್ಮ ಜೀಂವಕ್ಕ ನಾ ಜವಾಬ್ದಾರಿ.”

ವಿಠ್ಠಲರಾವರು ಬೇವಿನ ಹಸಿ ಕಡ್ಡಿಯೊಂದನ್ನು ಮುರಿದು, ಅಚ್ಚಿನ ತುದಿಯ ತೂತಿಗೆ ತುರುಕಿ, ಗಾಡಿ ಹತ್ತಿ ಹಗ್ಗ ಹಿಡಿದರು. “ಬಾ!” ಎಂದು ಹೆಂಡತಿ ವತ್ಸಲಾಬಾಯಿಯನ್ನು ಕರೆದರು.

ವತ್ಸಲಾಬಾಯಿ ನೆರಳು ಬಿಟ್ಟು ಅಲ್ಲಾಡಲಿಲ್ಲ. “ನೀವು ಮುಂದ ಹೋಗ್ರಿ. ಆ ಹಲ್ಲ ತಿಕ್ಕೋ ಕಡ್ಡಿ ಮ್ಯಾಲ ನಾ ಕೂಡಾಂಗಿಲ್ಲ.”

ಎತ್ತು ಕದಲಿದವು. ಕಾಂತಾಬಾಯಿ ಓಡಿ ಹೋಗಿ ಎರಡೂ ಎತ್ತುಗಳ ಮೂಗುದಾರ ಹಿಡಿದಳು. “ಬಿಡು!” ಎಂದರು ರಾಯರು. “ಬಿಡಂಗಿಲ್ರಿ,” ಎಂದಳು. ಅವಳು ಹಿಂದಕ್ಕೆ ಜಗ್ಗುತ್ತ, ಎತ್ತು ಮುಂದಕ್ಕೆ ಜಗ್ಗುತ್ತ, ಗಾಡಿ ಆಮೆಯಂತೆ ಹತ್ತು ಮಾರು ಸಾಗಿತು. ಆಗ ಬೇವಿನ ಕಡ್ಡಿ ಚಟ್ಟೆಂದಿತು. ಎಡಗಾಲಿ ಮೆಲ್ಲಗೆ ಹೊರಬಂದು, ಒಂದು ಗಳಿಗೆ ಏನೋ ಯೋಚಿಸಿದಂತೆ ನಿಂತು, ಆಮೇಲೆ ಇಳಿಜಾರಿನ ದಾರಿ ಹಿಡಿಯಿತು. ಗಾಡಿ ಆ ಮಗ್ಗುಲಿಗೆ ಕುಸಿಯಿತು. ವಿಠ್ಠಲರಾವರು ಜಾರಿ ಹುಲ್ಲಿನ ಮೇಲೆ ಕೂತರು. ಗಾಯ ಏನೂ ಆಗಲಿಲ್ಲ, ಜರಿ ರುಮಾಲು ಮಾತ್ರ ಬಿಚ್ಚಿ ಕೊರಳಿಗೆ ಬಂತು.

ಬನದೊಳಗಿಂದ, ಈಚಲ ಮರದ ತುದಿಯಿಂದ ಮಚ್ಛೇಂದ್ರ ಕೂಗಿದ: “ಕಾಂತಾ! ಯಾರದೋ ಗಾಲಿ ಒಂದೇ ಭಾತಂಬ್ರಾಕ್ಕ ಹೊಂಟದ ನೋಡು!”

ಮೊದಲು ನಕ್ಕವರು ವತ್ಸಲಾಬಾಯಿ. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಿಲ್ಲ. ಆಮೇಲೆ ಮಜೀದ, ಕುಡಿಯುತ್ತಿದ್ದವರು, ನಿದ್ದೆಯಿಂದೆದ್ದ ಮಾಣಿಕ. ಗಾಲಿ ಹಳ್ಳಕ್ಕೆ ಇಳಿದು, ನೀರಲ್ಲಿ ಮಲಗಿದ್ದ ಎಮ್ಮೆಗಳ ನಡುವೆ ಹಾಯ್ದು ತಾನೂ ಮಲಗಿತು. ಕಾಂತಾಬಾಯಿಗೆ ಮಾತ್ರ ನಗು ಬರಲಿಲ್ಲ. ಅವಳು ಇನ್ನೂ ಮೂಗುದಾರ ಹಿಡಿದೇ ನಿಂತಿದ್ದಳು.

ಮಜೀದ ಮತ್ತೆ ನಾಲ್ವರು ಗಾಲಿ ತಂದು ಅಚ್ಚಿಗೆ ಏರಿಸಿದರು. ಈಗ ಹೊಡೆಯುವವರು ಯಾರು? ವತ್ಸಲಾಬಾಯಿಯ ಮುಖ ಬಾಡಿತು. “ಕೂಸಿನ ಸೋದರತ್ತಿ ನಾನೇ. ನಾ ಹೋಗಿ ಕಿವ್ಯಾಗ ಹೆಸರ ಹೇಳಲಿಲ್ಲಂದ್ರ ತೊಟ್ಟಲ ಕಾರ್ಯ ಆಗಂಗಿಲ್ಲ.” ಕಾಂತಾಬಾಯಿಯ ಕಡೆ ತಿರುಗಿದರು. “ತಂಗಿ, ನಿನ್ನ ಪರೀಕ್ಷಾ ಹೆಂಗಸರಿಗೆ ನಡೀತದ ಏನು? ನನ್ನ ತಲಿಮ್ಯಾಲ ರುಮಾಲ ಇಲ್ಲ. ಇವರ ತಲಿಗಿ ಸುತ್ತಲಿ?”

“ನಿಮಗ ಗಾಡಿ ಬರ್ತದ ಏನ್ರಿ?”

“ಭಾತಂಬ್ರಾದ ಮಗಳು ನಾ. ಲಗ್ನ ಆಗೂ ತನಾ ಹೊಲಕ್ಕ ಬುತ್ತಿ ಗಾಡಿ ಹೊಡದೇನಿ. ಅಪ್ಪನ ರುಮಾಲ ದಿನಾ ನಾನೇ ಸುತ್ತತಿದ್ದೆ.”

ಗಂಡನನ್ನು ಬೇವಿನ ಬುಡದಲ್ಲಿ ಕೂರಿಸಿ, ಆ ಬಾಯಿ ಜರಿ ರುಮಾಲನ್ನು ಜಾಡಿಸಿ ಹಿಡಿದು, ಸರಸರ ಸುತ್ತಿ, ಸೆರಗನ್ನು ಹಿಂದೆ ಸಿಗಿಸಿದರು. ಮಜೀದ ಗಂಭೀರವಾಗಿ ಮುಂದೆ ಬಂದು, “ಸಾಹೇಬ, ತಲಿ ಕೊಡವ್ರಿ,” ಎಂದ. ವಿಠ್ಠಲರಾವರು ಮಗುವಿನಂತೆ ಪೂರ್ವಕ್ಕೆ, ಪಶ್ಚಿಮಕ್ಕೆ, ದಕ್ಷಿಣಕ್ಕೆ, ಉತ್ತರಕ್ಕೆ ತಲೆ ಕೊಡವಿದರು. ಒಂದು ಮಡಿಕೆಯೂ ಸಡಿಲಾಗಲಿಲ್ಲ.

“ಪಾಸ್!”

ಕಾಂತಾಬಾಯಿ ಸೆರಗಿನ ಗಂಟು ಬಿಚ್ಚಿ, ಕಡಾಣಿಯನ್ನು ವತ್ಸಲಾಬಾಯಿಯ ಕೈಗೆ ಕೊಟ್ಟಳು. ಗಾಡಿಯ ಹಿಂದೆ, ಹೆಂಗಸರು ಕೂರುವ ಜಾಗದಲ್ಲಿ ಕೂತ ರಾಯರು ಈಗ ಭಾರೀ ಪ್ರೀತಿಯಲ್ಲಿದ್ದರು. “ಕಾಂತಾಬಾಯಿ, ದುಕಾನ ನಿನಗೇ! ಹತ್ತ ವರ್ಷ ನಿನಗೇ! ತಗೋ!”

“ಬ್ಯಾಡ್ರಿ ಸಾವಕಾರ,” ಎಂದಳು ಅವಳು. “ಈ ಹೊತ್ತಿನ ಮಾತ ನಾ ತಗೊಳಂಗಿಲ್ಲ. ನಾಳಿ ಎಚ್ಚರದಾಗ ಏನ್ ಹೇಳ್ತೀರಿ, ಅದೇ ಖರೆ.”

ಗಾಡಿ ಹಳ್ಳ ದಾಟಿ ಮರೆಯಾದ ಮೇಲೆ ಮಾಣಿಕ ತಲೆ ಚಚ್ಚಿಕೊಂಡ. “ಕೊಟ್ಟಿದ್ದ ದುಕಾನ ಬ್ಯಾಡ ಅಂದಿಯಲ್ಲ ಅಕ್ಕಾ!”

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಮಚ್ಛೇಂದ್ರ ಮಗ್ಗುಲು ಬದಲಿಸಿ, “ಹೋದ್ರ ಹೋಗಲಿ ತಗೋ, ಈಚಲ ಮರ ಎಲ್ಲಾ ಕಡಿ ಅವ,” ಎಂದ. ಅವಳು ಹೂಂಗುಟ್ಟಿದಳು. ಆದರೆ ಬೇವಿನ ಮರ, ಮಜೀದ, ಮಾಣಿಕನ ಗೊರಕೆ ಎಲ್ಲಾ ಕಡೆ ಇರುವುದಿಲ್ಲವಲ್ಲ.

ಮರುದಿನ ಹೊತ್ತು ಮಾರುದ್ದ ಏರುವಷ್ಟರಲ್ಲಿ ಗೆಜ್ಜೆ ಕೇಳಿಸಿತು. ವಿಠ್ಠಲರಾವರೇ ಹೊಡೆಯುತ್ತಿದ್ದರು, ಕಣ್ಣು ಕೆಂಪಗಿದ್ದರೂ ನೆಟ್ಟಗೆ ಕೂತಿದ್ದರು. ಇಳಿದು ಬಂದು, ಕಾಂತಾಬಾಯಿಯ ಮುಖ ನೋಡದೆ, ಬೇವಿನ ಮರಕ್ಕೆ ಹೇಳುವವರಂತೆ ಹೇಳಿದರು: “ಮಡಕಿ ಉಳದ್ರ ಉಳೀಲಿ. ಔರಾದದಾಂವಗ ಬ್ಯಾರೆ ಕಡಿ ನೋಡಂತ ಹೇಳ್ತೇನಿ. ದುಕಾನ ನಿಂದೇ. ಈಗ ಎಚ್ಚರ ಇದ್ದೇನಿ, ಬೇಕಾದ್ರ ರುಮಾಲ ಸುತ್ತಿ ತೋರಸ್ತೇನಿ.”

“ಬ್ಯಾಡ್ರಿ, ನಂಬ್ತೇನಿ,” ಎಂದಳು ಕಾಂತಾಬಾಯಿ. ನಿನ್ನೆಯ ನಗು ಈಗ ಬಂತು, ಬಂದದ್ದು ಬೇಗ ನಿಲ್ಲಲಿಲ್ಲ.

“ಒಂದೇ ಮಾತು. ಗಾಲಿ ಹಳ್ಳಕ್ಕ ಹೋಗಿದ್ದು ಬೀದರದಾಗ ಗೊತ್ತಾಗಬಾರ್ದು.”

“ಬೀದರದ್ದು ನನಗ ಗೊತ್ತಿಲ್ರಿ ಸಾಹೇಬ,” ಎಂದ ಮಜೀದ. “ಭಾಲ್ಕ್ಯಾಗ ಮಾತ್ರ ಮುಂಜಾನೆ ನಮಾಜಿಗೆ ಹೋದಾಗ, ಎಮ್ಮಿಗಿ ಏನೂ ಆಗಿಲ್ಲಲ್ಲ ಅಂತ ನನ್ನೇ ಕೇಳಿದ್ರು.”

ವತ್ಸಲಾಬಾಯಿ ಗಾಡಿಯಿಂದ ಎಲೆಯ ಪೊಟ್ಟಣ ತಂದರು. ತೊಟ್ಟಿಲಿನ ಗುಗ್ಗರಿ, ಮೇಲೆ ಬೆಲ್ಲದ ತುಂಡು. “ಹೊತ್ತಿಗೆ ಸರಿಯಾಗಿ ಮುಟ್ಟಿದ್ವಿ ತಂಗಿ. ಕೂಸಿನ ಸುದ್ದಿ ನೀ ಏನೂ ಕೇಳಲಿಲ್ಲಲ್ಲ?”

“ಕೇಳೋಳೇ ಇದ್ದೆ ಬಾಯಿ, ದುಕಾನದ ಚಿಂತ್ಯಾಗ ಮರ್ತೆ. ಕೂಸಿಗಿ ಏನ್ ಹೆಸರಿಟ್ರಿ?”

“ನಲಿನಿ. ಕಿವ್ಯಾಗ ಹೇಳಿದ ಕೂಡ್ಲೆ ಎಂಥಾ ಕಿರಚ್ಯಾಳಂತಿ!”

ಪೊಟ್ಟಣ ಇಸಿದುಕೊಳ್ಳಲು ಕಾಂತಾಬಾಯಿ ಎರಡೂ ಕೈ ಚಾಚಿದಳು. ಅಷ್ಟರಲ್ಲಿ ಬಿಳಿ ಎತ್ತು ಹಿಂದಿನಿಂದ ಮೂತಿ ತೂರಿಸಿ, ಎಲೆ ಸಮೇತ ಗುಗ್ಗರಿಯನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿಯತೊಡಗಿತು.