ಏರುವ ದ್ರವವನ್ನು ಅಳೆದ ಕೊಳವೆ

ನಾನು ಒಂದು ಗಾಜಿನ ಕೊಳವೆ. ಧಾರವಾಡದ ಒಂದು ಕಾಲೇಜಿನ ವರ್ಕ್‌ಶಾಪಿನಲ್ಲಿ ಮಹಬೂಬಸಾಬರು ನನ್ನನ್ನು ಉರಿಯಲ್ಲಿ ಮೆದುಮಾಡಿ ಎಳೆದು, ಮೈಮೇಲೆ ಅಳತೆಯ ಗೀಟು ಕೊರೆದರು. ಅಲ್ಲಿ ಸಂಶೋಧನೆ ಮಾಡುತ್ತಿದ್ದ ನೀಲಾಂಬಿಕಾ ಹುಲಕೋಟಿ ನನ್ನ ಕೆಳಬಾಯಿಗೆ ತೆಳುಬಟ್ಟೆ ಕಟ್ಟಿ, ನುಣ್ಣನೆಯ ಗಾಜಿನ ಪುಡಿಯನ್ನು ಬೆರಳಿನಿಂದ ತಟ್ಟಿ ತಟ್ಟಿ ತುಂಬಿದಳು. ನನಗೆ ಜೀವ ಬಂದದ್ದು ಆಗ.

ಕೆಳಬಾಯಿಯನ್ನು ದ್ರವದಲ್ಲಿ ಅದ್ದಿದರೆ, ಬತ್ತಿಯಲ್ಲಿ ಎಣ್ಣೆ ಏರುವಂತೆ ಪುಡಿಯ ಸಂದುಗಳಲ್ಲಿ ದ್ರವ ತಾನಾಗಿಯೇ ಮೇಲೇರುತ್ತದೆ. ಅದು ನಿಂತ ಎತ್ತರದಿಂದ ದ್ರವದ ಮೇಲ್ಮೈ ಎಳೆತವನ್ನು ಲೆಕ್ಕ ಹಾಕಬಹುದು ಎಂದು ನೀಲಾಂಬಿಕಾ ವಾದಿಸುತ್ತಿದ್ದಳು. ಅವಳ ಮಾರ್ಗದರ್ಶಕರಾದ ಕಟ್ಟಿ ಸರ್‌ಗೆ ನಂಬಿಕೆ ಇರಲಿಲ್ಲ.

"ಈ ಸೊಟ್ಟಸೊಟ್ಟ ಸಂದಿಗೆ ಅಳತಿ ಎಲ್ಲಿಂದ ತರ್ತೀ?"

"ನೀರಿನ ಎಳೆತ ನಮಗ ಗೊತ್ತೈತಲ್ರಿ ಸರ್. ಮೊದಲ ನೀರು ಏರಸ್ತೀನಿ. ಅದರಿಂದ ಸಂದಿನ ಅಳತಿ ಸಿಗತೈತಿ. ಆಮ್ಯಾಲೆ ಬ್ಯಾರೆ ದ್ರವ."

ಅವರು ಒಪ್ಪಲಿಲ್ಲ, ಬೇಡ ಅನ್ನಲೂ ಇಲ್ಲ.

ಕೊನೆಯ ಪರೀಕ್ಷೆಗೆ ಮೈಸೂರಿನಿಂದ ಬಂದ ಪರೀಕ್ಷಕರು ಹೆಸರಿಲ್ಲದ ಒಂದು ಸೀಸೆಯನ್ನು ಮೇಜಿನ ಮೇಲಿಟ್ಟರು. "ಇದನ್ನ ನಮ್ಮ ಉಪಕರಣದಲ್ಲಿ ಅಳೆದುಕೊಂಡು ಬಂದಿದ್ದೀನಿ. ನಿಮ್ಮ ಕೊಳವೆ ಏನು ಹೇಳುತ್ತೆ ನೋಡೋಣ."

ಅವಳ ಪದವಿ ಆ ಸೀಸೆಯ ಮೇಲೆ ನಿಂತಿತ್ತು. ಅವಳು ದ್ರವದ ಸಾಂದ್ರತೆ ನೋಡಿಕೊಂಡು ನನ್ನನ್ನು ಅದರಲ್ಲಿ ಅದ್ದಿದಳು. ದ್ರವ ಸರಸರ ಏರಿತು, ಆಮೇಲೆ ನಿಧಾನವಾಯಿತು.

"ನಿಂತಿತಲ್ಲಮ್ಮ, ಹೇಳಿಬಿಡಿ," ಅಂದರು ಪರೀಕ್ಷಕರು. ಕಟ್ಟಿ ಸರ್ ಹೇಳೆಂದು ಕಣ್ಸನ್ನೆ ಮಾಡಿದರು.

ನೀಲಾಂಬಿಕಾ ಬಗ್ಗಿ ನನ್ನ ಗೀಟಿಗೆ ಕಣ್ಣು ಸಮಮಾಡಿದಳು. ನನ್ನೊಳಗೆ ಇನ್ನೂ ಸಣ್ಣ ಸೆಳೆತವಿತ್ತು. ಅದು ಅವಳೊಬ್ಬಳಿಗೇ ಕಂಡಿತು.

"ಇನ್ನೂ ಏರಾಕತ್ತೈತ್ರಿ ಸರ್. ನಿಂತ ಮ್ಯಾಲೆ ಹೇಳ್ತೀನಿ."

ಅವರು ಬೇಸರದಿಂದಲೇ ಚಹಾಕ್ಕೆ ಹೋದರು. ಅವಳು ಕದಲಲಿಲ್ಲ. ಅವರು ಮರಳಿದಾಗ ದ್ರವ ನಿಜಕ್ಕೂ ನಿಂತಿತ್ತು. ಅವಳು ಲೆಕ್ಕ ಮಾಡಿ ಉತ್ತರ ಹೇಳಿದಳು.

ಪರೀಕ್ಷಕರು ಕನ್ನಡಕ ತೆಗೆದರು. "ನಮ್ಮ ಅಳತೆಯೂ ಅಷ್ಟೇ. ನನ್ನ ಮಾತು ಕೇಳಿದ್ದರೆ ನೀವು ತಪ್ಪು ಹೇಳ್ತಿದ್ರಿ."

ಕಟ್ಟಿ ಸರ್ ನನ್ನನ್ನು ಮೊದಲ ಬಾರಿಗೆ ಮುಟ್ಟಿ, "ಸೊಟ್ಟ ಸಂದಿನೂ ಖರೇನ ಹೇಳತೈತಿ ಬಿಡು," ಅಂದರು. ಆ ದಿನ ನಾನು ಸ್ಟ್ಯಾಂಡಿನಲ್ಲಿ ಇನ್ನಷ್ಟು ನೆಟ್ಟಗೆ ನಿಂತಿದ್ದೆ ಅನ್ನಿಸುತ್ತದೆ.

ನೀಲಾಂಬಿಕಾ ಬಾಗಲಕೋಟೆಯಲ್ಲಿ ಅಧ್ಯಾಪಕಿಯಾದಾಗ ಹತ್ತಿಯಲ್ಲಿ ಸುತ್ತಿ ನನ್ನನ್ನೂ ಕರೆದೊಯ್ದಳು. ಮುಂದೆ ಅವಳ ವಿದ್ಯಾರ್ಥಿನಿ ತಸ್ನೀಮಳ ಕೈಗೆ ಬಂದೆ. ಗುಳೇದಗುಡ್ಡದ ಬಣ್ಣಗಾರರ ನೂಲು ಬಣ್ಣವನ್ನು ಸಮನಾಗಿ ಹೀರದೆ ಪಟ್ಟೆಪಟ್ಟೆಯಾಗುತ್ತಿತ್ತು. ನೂಲು ನೆನೆಸುವ ನೀರಿಗೆ ಅಂಟುವಾಳದ ರಸವನ್ನು ಎಷ್ಟು ಬೆರೆಸಿದರೆ ಎಳೆತ ಸಾಕಷ್ಟು ಇಳಿದು ನೂಲು ಒಳಗಿನವರೆಗೂ ನೆನೆಯುತ್ತದೆ ಎಂಬುದನ್ನು ಅವಳು ನನ್ನಿಂದಲೇ ಕಂಡುಕೊಂಡಳು. ಸಮನಾದ ಕೆಂಪು ಹಿಡಿದ ಮೊದಲ ನೂಲಿನ ಲಡಿಯನ್ನು ಬಣ್ಣಗಾರರು ಅವಳ ಕೈಗೇ ಕೊಟ್ಟರು.

ವರ್ಷಗಳು ಕಳೆದು ನನ್ನ ಮೈಯಲ್ಲಿ ಬಿರುಕು ಮೂಡಿತು. ತಲೆ ನರೆತ ನೀಲಾಂಬಿಕಾ ಒಮ್ಮೆ ತಸ್ನೀಮಳ ಪ್ರಯೋಗಾಲಯಕ್ಕೆ ಬಂದವಳು ನನ್ನನ್ನು ಬೆಳಕಿಗೆ ಹಿಡಿದು ನೋಡಿದಳು. "ಇನ್ನ ಇದನ್ನ ದಣಸಬ್ಯಾಡವಾ. ಪುಡಿ ಚಲೋ ಐತಿ, ಹೊಸಾದಕ್ಕ ತುಂಬು."

ತಸ್ನೀಮ್ ಪುಡಿಯನ್ನು ತೊಳೆದು ಒಣಗಿಸಿ ಹೊಸ ಕೊಳವೆಗೆ ತುಂಬಿದಳು. ಅದು ಈಗ ಎದುರಿನ ಮೇಜಿನ ಮೇಲೆ ಕೆಲಸ ಮಾಡುತ್ತಿದೆ. ನಾನು ಕಿಟಕಿಯ ಕಟ್ಟೆಯ ಮೇಲಿದ್ದೇನೆ. ಬಂದವರು ಒಡಕು ಗಾಜನ್ನು ಏಕೆ ಇಟ್ಟಿದ್ದೀರಿ ಎಂದು ಕೇಳಿದರೆ ತಸ್ನೀಮ್ ಹೇಳುತ್ತಾಳೆ, "ಅದು ನಮ್ಮ ಮನೆತನದ ಹಿರೇರು ರೀ."