ಮೇಕೆ ಇಕ್ಕಳದ ಹಚ್ಚೆ

ರಾಜಾನುಕುಂಟೆ ಹತ್ತಿರದ ಫಾರಂನಲ್ಲಿ ನಾನು ಇದುವರೆಗೆ ಮುನ್ನೂರು ಮೇಕೆಗಳ ಕಿವಿಗೆ ಇಕ್ಕಳದಲ್ಲಿ ಹಚ್ಚೆ ನಂಬರು ಹೊಡೆದಿದ್ದೇನೆ. ತಪ್ಪಾಗಿದೆ ಅಂತ ಒಂದು ಮೇಕೆಯೂ ತಕರಾರು ತೆಗೆದಿಲ್ಲ. ಮನುಷ್ಯನ ಮೈಗೆ ಇಕ್ಕಳ ಹಾಕಿದ್ದು ಒಂದೇ ಸಲ, ನನ್ನ ಗೆಳೆಯ ಗಿರಿಯ ತೋಳಿಗೆ. ಆ ಒಂದು ಸಲಕ್ಕೇ ಪಂಚಾಯ್ತಿ ಆಗಿಹೋಯಿತು.

ಗಿರಿ ಮದುವೆಯ ದಿನವನ್ನು ಸತತ ಎರಡು ವರ್ಷ ಮರೆತ ಪುಣ್ಯಾತ್ಮ. ಮೂರನೇ ಸಲವೂ ಮರೆತರೆ ಗೊರಗುಂಟೆಪಾಳ್ಯದ ತವರಿಗೆ ಹೋದವಳು ತಿರುಗಿ ಬರುವುದಿಲ್ಲ ಎಂದು ಹೆಂಡತಿ ಧನುಶ್ರೀ ಹೇಳಿದ್ದಳು. ಅವಳು ಸುಮ್ಮನೆ ಹೆದರಿಸುವ ಪೈಕಿಯಲ್ಲ. ಈ ಸಲ ಅವನಿಗೆ ಹಿಂದಿನ ದಿನವೇ ನೆನಪಾಗಿ, ಇನ್ನೆಂದೂ ಮರೆಯದ ಹಾಗೆ ತಾರೀಖನ್ನು ತೋಳಿನ ಮೇಲೇ ಹಾಕಿಸಿಕೊಳ್ಳಲು ಆರ್.ಟಿ. ನಗರದ ಟ್ಯಾಟೂ ಅಂಗಡಿಗೆ ಓಡಿದ. ಮುಂದಿನ ವಾರ ಬನ್ನಿ ಅಂದರಂತೆ. ಅಲ್ಲಿಂದ ಸೀದಾ ನನ್ನ ಹತ್ತಿರ ಬಂದ.

"ಮಗಾ, ನಿನ್ ಹತ್ರ ಇಕ್ಕಳ ಇದ್ಯಲ್ಲ. ಮೇ ಇಪ್ಪತ್ತೆರಡು. 2205 ಅಂತ ಹೊಡಿ, ಸಾಕು."

"ಅದು ಮೇಕೆದು ಕಣೋ."

"ನಾನೇನ್ ಮೇಕೆಗಿಂತ ಮೇಲಾ?"

ನಾನು ಇಕ್ಕಳ ಕೈಗೆತ್ತಿಕೊಂಡೆ. ಇಕ್ಕಳದ ಬಾಯಿಗೆ ಸೂಜಿಗಳ ನಾಲ್ಕು ಅಂಕಿ ಕೂರಿಸಿ, ಚರ್ಮ ಹಿಡಿದು ಒತ್ತಿ, ತೂತಿಗೆ ಮಸಿ ತಿಕ್ಕಬೇಕು, ಅಷ್ಟೇ ಕೆಲಸ. ಅಂಕಿಗಳನ್ನು ನೀರಲ್ಲಿ ಕುದಿಸಿ, ಸ್ಪಿರಿಟ್ ಒರೆಸಿ, 2205 ಕೂರಿಸಿದೆ. ಆಗ ಈ ಮಹಾಶಯ ಮೊದಲು ಸ್ಯಾಂಪಲ್ ತೋರಿಸು ಅಂದ. ಮೇಕೆಗಳು ಯಾವತ್ತೂ ಸ್ಯಾಂಪಲ್ ಕೇಳಿದ್ದಿಲ್ಲ! ಆದರೂ ರಟ್ಟಿನ ಮೇಲೆ ಒಂದು ಸಲ ಒತ್ತಿ ತೋರಿಸಿದೆ. ಸರಿಯಾಗಿಯೇ ಬಂತು.

ಕೆಟ್ಟಿದ್ದೇ ಅಲ್ಲಿ. ಒಂದು ಸಲ ಒತ್ತಿದ ಮೇಲೆ ಕೊನೆಯ ಅಂಕಿ ತೆಗೆದು ಮುಂದಿನದು ಕೂರಿಸುವುದು ನನ್ನ ಕೈಗೆ ಅಂಟಿದ ಅಭ್ಯಾಸ. ಎರಡು ಮೇಕೆಗೆ ಒಂದೇ ನಂಬರು ಇರಬಾರದಲ್ಲ. ಬಾಯಿ ಗಿರಿಗೆ ಧೈರ್ಯ ಹೇಳುತ್ತಿದ್ದಾಗ ಕೈ ತನ್ನ ಪಾಡಿಗೆ ತಾನು ಐದು ತೆಗೆದು ಆರು ಹಾಕಿತ್ತು. ತೋಳಿನ ಮೆತ್ತನೆ ಚರ್ಮ ಎಳೆದು ಒತ್ತಿದೆ. ಅವನು ಕೂಗಿದ ರಭಸಕ್ಕೆ ಮೇಕೆಗಳೆಲ್ಲ ಶೆಡ್ಡಿನ ಮೂಲೆ ಸೇರಿದವು. ಮಸಿ ಮೆತ್ತಿ, ಬಟ್ಟೆ ಸುತ್ತಿ ಕಳಿಸಿದೆ. ಅಂಕಿ ಇಬ್ಬರಿಗೂ ಕಾಣಲಿಲ್ಲ.

ಮಾರನೇ ಬೆಳಿಗ್ಗೆ ಫೋನು: "ಬೇಗ ಬಾರೋ, ಸಂಸಾರ ಹೋಯ್ತು!" ಅಲ್ಲಾಳಸಂದ್ರದ ಅವನ ಮನೆಗೆ ಹೋದರೆ ಮಂಚದ ಮೇಲೆ ತುಂಬಿದ ಬ್ಯಾಗು. ಧನುಶ್ರೀ ಗಿರಿಯ ತೋಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಮಸಿ ಒರೆಸಿ, ಆ ತೋಳನ್ನು ಹಿಡಿದು ನಿಂತಿದ್ದಳು.

"ಸುನೀಲಣ್ಣ, ಜೂನ್ ಇಪ್ಪತ್ತೆರಡು ಯಾವಳ ಹುಟ್ಟಿದ್ ದಿನ?"

ನೋಡಿದೆ. 2206.

"ಅದು... ಮುಂದಿನ ಮೇಕೆ ನಂಬರ್ ತಾಯೀ."

ನಾನು ಹೇಳಿದ್ದು ಅಪ್ಪಟ ಸತ್ಯ. ಅವಳು ಬ್ಯಾಗಿನ ಜಿಪ್ ಎಳೆದಳು.

"ನಮ್ದು ಮೇ ಇಪ್ಪತ್ತೆರಡು ಕಣೇ!" ಗಿರಿ ಬಾಗಿಲಿಗೆ ಅಡ್ಡ ನಿಂತ. "ಮುಹೂರ್ತ ಹತ್ತೂಕಾಲಿಗೆ. ನಿಮ್ ವ್ಯಾನ್ ಹೆಬ್ಬಾಳದಲ್ಲಿ ಸಿಕ್ಕಾಕೊಂಡಿತ್ತು. ನೀನು ಇಳಿದು ಯಾರ್ದೋ ಸ್ಕೂಟರ್ ಹತ್ಕೊಂಡು ಬಂದೆ, ಬಾಸಿಂಗ ಒಂದ್ ಕಡೆ ವಾಲಿತ್ತು. ನೀನು ಬರಲ್ವೇನೋ ಅಂತ ಜೀವ ಹೋಗಿತ್ತು ನಂಗೆ. ಛತ್ರದ ಗೇಟಲ್ಲಿ ನಿನ್ನ ನೋಡಿದ್ದೇ ಅತ್ಬಿಟ್ಟೆ. ಹೋಮದ ಹೊಗೆ ಅಂತ ಎಲ್ರಿಗೂ ಸುಳ್ ಹೇಳ್ದೆ."

ಧನುಶ್ರೀ ಮಂಚದ ಮೇಲೆ ಕೂತುಬಿಟ್ಟಳು.

"ಅತ್ತಿದ್ರಾ? ಒಂದ್ಸಲನಾದ್ರೂ ಇದನ್ನ ನಂಗೆ ಹೇಳಿದ್ರಾ?"

"ನೀನ್ ಕೇಳ್ಲಿಲ್ಲ."

ಆ ಪೆದ್ದನ ಮೇಲೆ ನನಗೆ ಸಿಟ್ಟು ಬಂತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಬ್ಯಾಗನ್ನು ಹಾಗೇ ಮಂಚದ ಕೆಳಗೆ ತಳ್ಳಿದಳು.

"ಇದು ಇಲ್ಲೇ ಇರ್ಲಿ. ಜೂನ್ ಇಪ್ಪತ್ತೆರಡಕ್ಕೆ ಇನ್ನೊಂದ್ಸಲ ಕೂತು, ಇನ್ನೂ ಏನೇನ್ ಮುಚ್ಚಿಟ್ಟಿದೀರೋ ಎಲ್ಲ ಹೇಳಿ. ಆಮೇಲೆ ಬಿಚ್ತೀನಿ."

"ಅಕಸ್ಮಾತ್ ಮರೆತ್ರೆ?" ಅಂತ ಗಿರಿ ಕೇಳಿಯೇ ಬಿಟ್ಟ.

ಅವಳು ಅವನ ತೋಳನ್ನು ತಿರುಗಿಸಿ ಅವನ ಮೂಗಿನ ಮುಂದೆಯೇ ಹಿಡಿದಳು.